ಅಜ್ಜಿ ಬಯಸಿದ ರೆಸಾರ್ಟು

ಸುದ್ದಿ ಬಂದಾಗ ಹಾಸಿಗೆ ತಾತ ತಮ್ಮ ಅಂಗಡಿಯ ನೆಲದ ಮೇಲೆ ಮಂಡಿಯೂರಿ ಜೋಡಿ ಹಾಸಿಗೆಯೊಂದರ ಅಂಚು ಹೊಲಿಯುತ್ತಿದ್ದರು. ಸುದ್ದಿ ತಂದವಳು ಪಾರ್ಕಿನ ಐಸ್‌ಕ್ರೀಮ್ ಗಾಡಿಯವಳು. ಕಟ್ಟಿದ ಏಪ್ರನ್ ಕೂಡ ಬಿಚ್ಚದೆ ಬಸ್ಸು ಹತ್ತಿ ಬಂದಿದ್ದಳು. ಹೊಸ್ತಿಲಲ್ಲಿ ನಿಂತು, ಒಳಗೆ ಬರಬೇಕೋ ಬೇಡವೋ ತಿಳಿಯದೆ, "ತಾತ, ಸ್ವಲ್ಪ ಎದ್ದು ಬನ್ನಿ" ಎಂದಳು.

"ಏನಮ್ಮಾ? ನಮ್ಮವಳು ಅಲ್ಲೇ ಇದ್ದಾಳಲ್ಲ, ನಿಮ್ಮ ಹಳಬರ ಕೂಟಕ್ಕೆ ಅಂತ ಬೆಳಿಗ್ಗೇನೇ ಹೊರಟಳು."

"ಬಂದಿದ್ರು ತಾತ. ಎಲ್ಲರ ಜೊತೆ ನಗ್ತಾ ಇದ್ರು. ಟಿಕೆಟ್ ಕಿಟಕಿ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತ್ರು. ಯಾವ ಐಸ್‌ಕ್ರೀಮ್ ಕೊಡ್ಲಿ ಅಂತ ಕೇಳ್ದೆ. 'ನಿನಗೆ ಯಾವುದು ಕೈಗೆ ಸಿಗುತ್ತೋ ಅದನ್ನೇ ಕೊಡು' ಅಂದ್ರು. ನಾನು ತಗೊಂಡು ಬರೋಷ್ಟರಲ್ಲಿ..."

ಅವಳು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ತಾತ ಹೊಲಿಗೆಗೆ ಗಂಟು ಹಾಕಿದರು. ಗಂಟು ಹಾಕದೆ ಎದ್ದರೆ ದಾರ ಜಾರಿ, ತುಂಬಿದ ಹತ್ತಿಯೆಲ್ಲ ಹೊರಗೆ ಬರುತ್ತದೆ. ಕೈಗೆ ಅದು ರೂಢಿ. ಕೈಯ ಕೆಲಸ ಮುಗಿಯುವವರೆಗೆ ಮನಸ್ಸು ಕಾದು ನಿಂತಿತು. ಆಮೇಲೆ ದಬ್ಬಣವನ್ನು ಹಾಸಿಗೆಯ ಅಂಚಿಗೇ ಚುಚ್ಚಿಟ್ಟು, "ದೇವರೇ" ಎಂದರು. ಆ ದಿನ ಅವರ ಬಾಯಿಂದ ಬಂದ ಮಾತು ಅದೊಂದೇ.

ಆಗಬೇಕಾದದ್ದೆಲ್ಲ ಆಯಿತು. ಬಂದವರು ಬಂದು ಹೋದರು. ಕುರ್ಚಿಗಳನ್ನು ಬಾಡಿಗೆಗೆ ಕೊಟ್ಟವರು ಎತ್ತಿಕೊಂಡು ಹೋದರು. ಮನೆಯಲ್ಲಿ ಉಳಿದವರು ನಾಲ್ವರು: ತಾತ, ಮಗ, ಸೊಸೆ, ಮೊಮ್ಮಗಳು ಪುಟ್ಟಿ. ಮಗ ಲಿಫ್ಟು ರಿಪೇರಿಯವನು; ದೊಡ್ಡ ಕಟ್ಟಡಗಳ ಕತ್ತಲೆ ಬಾವಿಯಂಥ ಲಿಫ್ಟಿನ ಗುಂಡಿಗಳಲ್ಲಿ ನೇತಾಡುತ್ತ ದಿನ ಕಳೆಯುವವನು. ಸೊಸೆಗೆ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸ. ಪುಟ್ಟಿ ನರ್ಸಿಂಗ್ ಓದುತ್ತಿದ್ದಳು. ಪುಟ್ಟಿ ಎಂದರೆ ಸಿಡಿಮಿಡಿಗೊಳ್ಳುವಷ್ಟು ದೊಡ್ಡವಳಾಗಿದ್ದಳು.

ಅಜ್ಜಿ ಬದುಕಿನ ಬಹುಪಾಲನ್ನು ಪಾರ್ಕಿನ ಟಿಕೆಟ್ ಕಿಟಕಿಯ ಹಿಂದೆ ಕಳೆದಿದ್ದರು. ತಿರುಗುವ ಕುದುರೆ, ನೀರಿನ ಜಾರುಬಂಡೆ, ಮುಗಿಲು ಮುಟ್ಟುವ ಚಕ್ರ ಎಲ್ಲದರ ಟಿಕೆಟ್ಟನ್ನೂ ಹರಿದು ಕೊಟ್ಟವರು, ಒಂದನ್ನೂ ಹತ್ತಿದವರಲ್ಲ. ಅವರು ಕೆಲಸ ಬಿಟ್ಟ ದಿನ ಕಂಪನಿಯವರು ಎಲ್ಲರಿಗೂ ಕೊಡುವ ಗೋಡೆ ಗಡಿಯಾರ ಕೊಡಲಿಲ್ಲ. ತಮ್ಮ ರೆಸಾರ್ಟಿನಲ್ಲಿ ಒಂದು ಪಾಲು ಕೊಟ್ಟರು. ಪಾರ್ಕಿನ ಮಗ್ಗುಲಲ್ಲೇ ಆ ರೆಸಾರ್ಟು. ಪಾಲು ಇದ್ದವರ ಮನೆಯವರು ವರ್ಷಕ್ಕೊಂದು ವಾರ ಅಲ್ಲಿ ಹೋಗಿ ಇರಬಹುದು. ಹೋಗದಿದ್ದರೆ ಆ ವಾರ ಮುಂದಿನ ವರ್ಷಕ್ಕೆ ಸೇರಿಕೊಳ್ಳುತ್ತದೆ.

ಅಜ್ಜಿ ಒಂದು ವರ್ಷವೂ ಹೋಗಲಿಲ್ಲ. "ಬೇರೆ ಕಡೆ ಹೊಸದು ಕಟ್ತಾರಂತೆ. ಕಟ್ಟಲಿ, ಹೋಗೋಣ" ಎನ್ನುತ್ತಿದ್ದರು. ಹೊಸದನ್ನು ಎಲ್ಲಿ ಕಟ್ಟುತ್ತಾರೆ ಎಂಬುದು ಆ ಮನೆಯ ಊಟದ ಮೇಜಿನ ಹಳೆಯ ಹರಟೆ. ಆಲೂಗಡ್ಡೆ ಸುಲಿಯುತ್ತ ಒಬ್ಬರು ಬೆಟ್ಟ ಎಂದರೆ, ಮೊಟ್ಟೆ ಒಡೆಯುತ್ತ ಇನ್ನೊಬ್ಬರು ಕಡಲು ಎನ್ನುವರು. ತಾತ ಮಾತ್ರ "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾ ಇದ್ದೀರಲ್ಲ" ಎಂದು ನಕ್ಕು ಸುಮ್ಮನಾಗುವರು. ಅವರಿಗೆ ಅದರ ಗೊಡವೆ ಬೇಕಿರಲಿಲ್ಲ. ಬೇರೆಯವರು ತುಂಬಿದ ಹಾಸಿಗೆಯ ಮೇಲೆ ಅವರಿಗೆ ನಿದ್ದೆ ಹತ್ತದು. ಮಗನ ಮದುವೆಗೆ ಹೋದ ಕಡೆಯಲ್ಲೂ ಬೆಳಗಿನವರೆಗೆ ಕುರ್ಚಿಯಲ್ಲಿ ಕೂತಿದ್ದವರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಜನ. ನಮ್ಮಪ್ಪ ತನ್ನ ಹಾಸಿಗೆ ಇದ್ದಲ್ಲಿ ಮಾತ್ರ ಕಾಲು ಚಾಚೋದು" ಎಂದು ಮಗ ಚುಡಾಯಿಸುತ್ತಿದ್ದ.

ಅಜ್ಜಿ ಹೋಗಿ ಎರಡು ವಾರವಾಗಿರಬೇಕು. ಎಲ್ಲರೂ ಸೂಪು ಬಡಿಸಿಕೊಂಡು ಕೂತಿದ್ದಾಗ ಮಗನ ಫೋನು ಬಡಿದುಕೊಂಡಿತು. ರೆಸಾರ್ಟಿನ ಕಚೇರಿಯ ಮಶೀನಿನ ದನಿ. ಮಗ ಅದನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಹೊಸ ರೆಸಾರ್ಟುಗಳಿಗೆ ಮೂರು ಜಾಗ ನೋಡಿದ್ದೇವೆ. ಹೆಚ್ಚು ಮನೆಗಳವರು ಬಯಸಿದ ಕಡೆ ಮೊದಲು ಕಟ್ಟುತ್ತೇವೆ. ಯಾವ ಮನೆಯವರು ಯಾವ ಜಾಗ ಆರಿಸುತ್ತಾರೋ ಅವರ ಕೂಡಿಟ್ಟ ವಾರಗಳೆಲ್ಲ ಆ ಜಾಗಕ್ಕೇ ಸೇರುತ್ತವೆ, ತಿಂಗಳು ಮುಗಿದ ಮೇಲೆ ಬದಲಾಯಿಸಲಾಗದು. ಬೆಟ್ಟಕ್ಕೆ ಒಂದು ಒತ್ತಿ, ಕಡಲ ದಂಡೆಗೆ ಎರಡು ಒತ್ತಿ, ನದಿಯ ತಿರುವಿಗೆ ಮೂರು ಒತ್ತಿ. ತಿಂಗಳ ಕೊನೆಯವರೆಗೆ ಸಮಯವಿದೆ.

"ಬೆಟ್ಟ" ಎಂದ ಮಗ, ಚಮಚ ಕೆಳಗಿಟ್ಟು. "ಇದರಲ್ಲಿ ಕೇಳೋದೇನಿದೆ? ಅಮ್ಮನಿಗೆ ಬೆಟ್ಟ ಅಂದ್ರೆ ಪ್ರಾಣ."

"ಬೆಟ್ಟಾನಾ?" ಸೊಸೆ ತಿರುಗಿ ನೋಡಿದಳು. "ಅತ್ತೆಗೆ ನಮ್ಮನೆ ಮೆಟ್ಟಿಲು ಹತ್ತಿದ್ರೆ ಮಂಡಿ ಹಿಡ್ಕೋತಿತ್ತು ಕಣ್ರೀ. ಅವರಿಗೆ ಬೇಕಾಗಿದ್ದು ಕಡಲು. ನನ್ನ ಹತ್ರ ಹೇಳಿದ್ರು."

"ಯಾವಾಗ?"

"ಬಟ್ಟೆ ಒಣಗಿಸುವಾಗ. 'ನಿನಗೆ ಮಾತ್ರ ಹೇಳ್ತೀನಿ, ನನಗೂ ಕಡಲೇ ಇಷ್ಟ' ಅಂದ್ರು."

"ಹಂಗಾದ್ರೆ ನನ್ನ ಹತ್ರ ಬೆಟ್ಟ ಅಂತ ಯಾಕೆ ಹೇಳಿದ್ರು? 'ನಿನಗೆ ಮಾತ್ರ' ಅಂತಾನೇ ಹೇಳಿದ್ದು!"

ಪುಟ್ಟಿ ಬ್ರೆಡ್ಡು ಅದ್ದುತ್ತ ಇಬ್ಬರನ್ನೂ ನೋಡಿದಳು. "ನಿಮಗಿಬ್ಬರಿಗೂ ಅಜ್ಜಿ ಟೋಪಿ ಹಾಕಿದ್ದಾರೆ. ನದಿ ಬೇಕಾಗಿತ್ತು ಅವರಿಗೆ. ದೋಣಿಯಲ್ಲಿ ನಾನೂ ಅವರೂ ಕೂತ್ಕೊಳ್ಳೋದು ಅಂತ ಮಾತಾಗಿತ್ತು."

"ದೋಣಿಯಂತೆ!" ಎಂದ ಮಗ. "ತಿರುಗೋ ಕುದುರೆ ಹತ್ತೋಕೆ ಹೆದರೋರು ದೋಣಿ ಹತ್ತುತಾರಾ?"

"ಬೆಟ್ಟದ ಮೇಲೆ ನೀರು ಎಲ್ಲಿಂದ ತರ್ತಾರೆ ಅಂತ ಯೋಚನೆ ಮಾಡಿದ್ದೀರಾ?" ಸೊಸೆ ಬಿಡಲಿಲ್ಲ. "ಸ್ನಾನಕ್ಕೆ ಸರದಿ ನಿಲ್ಲಬೇಕಾಗುತ್ತೆ."

"ಕಡಲಿನ ಉಪ್ಪುಗಾಳಿಗೆ ಕಂಪನಿಯವರು ಹಾಕೋ ತಿರುಗೋ ಕುದುರೆ ಎಲ್ಲ ಒಂದೇ ವರ್ಷಕ್ಕೆ ತುಕ್ಕು ಹಿಡಿದು ಹೋಗುತ್ತೆ. ಕಬ್ಬಿಣದ ವಿಷಯ ನನಗೆ ಹೇಳ್ಬೇಡ."

"ಕುದುರೆ ಸವಾರಿ ಮಾಡೋಕೆ ಹೋಗ್ತಿದ್ದೀರಾ ನೀವು?"

ತಾತ ಸೂಪಿನ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಮಗ ಅವರತ್ತ ತಿರುಗಿದ. "ಅಪ್ಪಾ, ನೀವೇ ಹೇಳಿ. ನಿಮಗೆ ಗೊತ್ತಿರುತ್ತಲ್ಲ. ಅಮ್ಮ ನಿಮ್ಮ ಹತ್ರ ಏನಂದಿದ್ರು?"

ಮೂವರೂ ಅವರ ಮುಖ ನೋಡಿದರು. ತಾತ ಬಹಳ ಹೊತ್ತು ನೆನಪಿನಲ್ಲಿ ತಡಕಾಡಿದರು. ಮೊಟ್ಟೆಯ ಬೆಲೆ ಏರಿದ್ದು, ನಲ್ಲಿ ಸೋರುವುದು, ಪುಟ್ಟಿಯ ಶೂ ಹರಿದದ್ದು, ಇಂಥ ಮಾತು ಎಷ್ಟು ಬೇಕಾದರೂ ಇದ್ದವು. ಬೆಟ್ಟವಿರಲಿಲ್ಲ, ಕಡಲಿರಲಿಲ್ಲ, ನದಿಯೂ ಇರಲಿಲ್ಲ.

"ನನ್ನ ಹತ್ರ ಏನೂ ಹೇಳಿಲ್ಲಪ್ಪ" ಎಂದರು. "ಸೂಪು ಆರಿಹೋಗ್ತಿದೆ, ಕುಡೀರಿ."

ಅಂದಿನಿಂದ ಅದು ತಾತನ ಒಳಗೇ ಮುರಿದ ಮುಳ್ಳಾಯಿತು. ಮಗನಿಗೆ ಹೇಳಿದ್ದಳು. ಸೊಸೆಗೆ ಹೇಳಿದ್ದಳು. ನಿನ್ನೆ ಮೊನ್ನೆ ಹಾಲು ಕುಡಿಯುತ್ತಿದ್ದ ಹುಡುಗಿಗೂ ಹೇಳಿದ್ದಳು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗೆದ್ದ ತನಗೆ ಮಾತ್ರ ಹೇಳದೆ ಹೋದಳಲ್ಲ! ಪ್ರಾರ್ಥನೆಗೆ ಕೂತರೆ ಅದೇ ಬಂದು ಎದುರು ಕೂರುತ್ತಿತ್ತು. ಕಣ್ಣು ಮುಚ್ಚಿ "ಅವಳಿಗೆ ಶಾಂತಿ ಕೊಡು" ಎಂದು ಆರಂಭಿಸುವರು, ಅರ್ಧದಲ್ಲೇ ಮನಸ್ಸು "ನನಗೇಕೆ ಹೇಳಲಿಲ್ಲ?" ಎಂದು ಹೊರಟುಬಿಡುವುದು. ಇಂಥ ಪ್ರಾರ್ಥನೆ ದೇವರವರೆಗೆ ಮುಟ್ಟೀತೇ ಎಂದು ನಾಚಿ ಕಣ್ಣು ತೆರೆಯುವರು.

ಒಂದು ಸಂಜೆ ಪುಟ್ಟಿ ಪಾತ್ರೆ ತೊಳೆಯುತ್ತಿದ್ದಾಗ ತಾತ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತರು.

"ಅಲ್ಲ ಮಗಾ, ಆ ದೋಣಿ ಮಾತು ಬಂದಾಗ... ನನ್ನ ವಿಷಯ ಏನಾದ್ರೂ ಬಂತಾ?"

"ನಿಮ್ಮ ವಿಷಯ? ಏನು ತಾತ?"

"ಏನಿಲ್ಲ. ತಾತನಿಗೆ ಎಲ್ಲಿ ಜಾಗ ಅಂತ."

ಪುಟ್ಟಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನೀವು ಬರಲ್ಲ ಅಂತ ಎಲ್ಲರಿಗೂ ಗೊತ್ತಲ್ಲ ತಾತ" ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು, ಒದ್ದೆ ಕೈಯಲ್ಲೇ ಅವರ ತೋಳು ಹಿಡಿದುಕೊಂಡಳು. ತಾತ ತಟ್ಟೆ ಒರೆಸಿ, ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದರು.

ಇತ್ತ ಮನೆಯಲ್ಲಿ ಜಗಳ ಒಳಗೊಳಗೇ ಕುದಿಯುತ್ತಿತ್ತು. ಮಗ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಕಚೇರಿಗೆ ಫೋನು ಮಾಡಿ ಅಮ್ಮನ ಪಾಲಿನ ಸಂಖ್ಯೆ ಕೊಟ್ಟು ಒಂದು ಒತ್ತಿದ. ತಾಯಿಯ ಕೊನೆಯ ಆಸೆ ನಡೆಸಿದೆ ಎಂದು ಅಂದು ಅವನಿಗೆ ನೆಮ್ಮದಿಯ ನಿದ್ದೆ ಬಂತು. ವಾರ ಕಳೆದ ಮೇಲೆ ಮಾತಿಗೆ ಮಾತು ಬೆಳೆದು, ಅದು ಅವನ ಬಾಯಿಂದಲೇ ಹೊರಬಿತ್ತು.

ರಜೆಯ ದಿನ. ಸೊಸೆ, ಮಗ ಇಬ್ಬರೂ ಒಗೆದ ದೊಡ್ಡ ಚಾದರವನ್ನು ಎರಡು ತುದಿ ಹಿಡಿದು ಮಡಿಸುತ್ತಿದ್ದರು.

"ಆಗ್ಲೇ ಒತ್ತಿದ್ದೀನಿ. ಇನ್ನು ಆ ಮಾತು ಬೇಡ" ಎಂದ ಮಗ.

"ಒತ್ತಿದ್ದೀರಾ? ಒಂದು ಮಾತು ಕೇಳ್ದೆ?"

"ಕೇಳೋದೇನು? ನನ್ನಮ್ಮ."

"ಕೊನೆ ವರ್ಷ ಅವರ ಕಾಲಿಗೆ ಎಣ್ಣೆ ತಿಕ್ಕಿದ್ದು ನಾನು. ಅವರ ಮನಸ್ಸು ನನಗೂ ಗೊತ್ತು."

"ಹೆತ್ತಮ್ಮನ ಮನಸ್ಸು ನನಗೆ ಗೊತ್ತಿರುತ್ತೋ, ಹೊರಗಿಂದ ಬಂದ ನಿನಗೋ?"

ಸೊಸೆ ಹಿಡಿದ ತುದಿಯನ್ನು ಅವನ ತುದಿಗೆ ಸೇರಿಸಿ, ಮಡಿಸಿ, ಕಪಾಟಿನಲ್ಲಿಟ್ಟಳು. ಆಡಿದ ಮಾತು ಒಡೆದ ಮುತ್ತು ಎಂಬುದು ಮಗನಿಗೆ ಅಷ್ಟರಲ್ಲಿ ತಿಳಿದಿತ್ತು. ಆದರೆ ಅದನ್ನು ಆಯ್ದುಕೊಳ್ಳುವ ಬಗೆ ತಿಳಿಯದೆ, ಸೋರದ ನಲ್ಲಿಯನ್ನು ಬಿಚ್ಚಿ ರಿಪೇರಿಗೆ ಕೂತ.

ಮರುದಿನದಿಂದ ಮನೆಗೆ ಬೇಕರಿಯ ಬಿಸಿ ಬ್ರೆಡ್ಡು ಬರುವುದು ನಿಂತಿತು. ಅಂಗಡಿಯ ತಣ್ಣನೆ ಬ್ರೆಡ್ಡು ಬಂತು. ಸೊಸೆ ಕೂಗಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಎಲ್ಲರಿಗೂ ಬಡಿಸಿ, ತಾನು ಆಮೇಲೆ ಅಡುಗೆಮನೆಯಲ್ಲೇ ನಿಂತು ತಿಂದಳು. ರಾತ್ರಿಗೆ ಏನು ಮಾಡೋಣ ಎಂದರೆ, "ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದಳು. ಕಿಟಕಿ ಮುಚ್ಚಲಾ ಎಂದರೆ, "ನಿಮಗೆ ಹೇಗೆ ಅನುಕೂಲವೋ ಹಾಗೆ." ನಡುಮನೆಯಲ್ಲಿ ಕೂತಿದ್ದ ತಾತ, ಅಜ್ಜಿ ಸದಾ ಆಡುತ್ತಿದ್ದ ಆ ಮಾತು ಕೇಳಿ ಒಂದು ಸಲ ಬೆಚ್ಚಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಅಲ್ಲಿ ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು.

"ಏನು ಬೇಕಿತ್ತು ಮಾವ?"

"ಏನಿಲ್ಲ ತಾಯಿ. ಯಾರೋ ಮಾತಾಡಿದ ಹಾಗಾಯ್ತು."

ಅದರ ಮರುದಿನವೇ ಕಚೇರಿಯಿಂದ ತಾತನ ಅಂಗಡಿಗೆ ಫೋನು ಬಂತು. ಈ ಸಲ ಮಶೀನಲ್ಲ, ಮನುಷ್ಯರ ದನಿ. ಒಂದು ವಿಷಯ ಮಾತಾಡಬೇಕು, ಸಾಧ್ಯವಾದರೆ ಒಮ್ಮೆ ಬಂದು ಹೋಗಿ ಎಂದಿತು. ತಾತ ಹೆಗಲ ಮೇಲಿನ ಹತ್ತಿ ಕೊಡವಿಕೊಂಡು ಬಸ್ಸು ಹತ್ತಿದರು.

ಪಾರ್ಕಿನ ದೊಡ್ಡ ಗೇಟಿನಲ್ಲಿ ಅದೇ ಟಿಕೆಟ್ ಕಿಟಕಿ. ಈಗ ಅಲ್ಲಿ ಚ್ಯೂಯಿಂಗ್ ಗಮ್ ಅಗಿಯುವ ಹುಡುಗಿಯೊಬ್ಬಳು. ತಾತ ಅತ್ತ ನೋಡದೆ ಪಕ್ಕದ ಬಾಗಿಲಿಂದ ರೆಸಾರ್ಟಿನ ಕಚೇರಿಗೆ ಹೋದರು. ಕಿವಿಗೆ ಫೋನು ಸಿಕ್ಕಿಸಿಕೊಂಡ ನಡುವಯಸ್ಸಿನ ಹೆಂಗಸು ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು.

"ಅಕ್ಕನ ಮನೆಯವರಾ? ಅಕ್ಕ ನನಗೆ ತುಂಬಾ ಬೇಕಾದೋರು, ತಾತ. ನನ್ನ ಮಗುವಿನ ಮೊದಲ ಸ್ವೆಟರ್ ಅವರೇ ಹೆಣೆದಿದ್ದು." ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಕಂಪ್ಯೂಟರು ನೋಡಿ ತುಟಿ ಕಚ್ಚಿದಳು. "ತಪ್ಪು ತಿಳ್ಕೋಬೇಡಿ. ನಿಮ್ಮ ಮನೆಯಿಂದ ಅಕ್ಕನ ಹೆಸರಲ್ಲಿ ಆಯ್ಕೆ ಬರ್ತಾನೇ ಇದೆ. ಅಕ್ಕ ಈ ತಿಂಗಳಲ್ಲಿ ಬೆಟ್ಟ ಹತ್ತಿದ್ದಾರೆ, ಕಡಲಿಗೆ ಇಳಿದಿದ್ದಾರೆ, ನದಿ ದಾಟಿದ್ದಾರೆ. ಮೊನ್ನೆ ಮತ್ತೆ ಬೆಟ್ಟ ಹತ್ತಿದ್ರು, ನಿನ್ನೆ ಪುನಃ ನದಿಗೆ ಬಂದ್ರು."

ತಾತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ಹೆಂಡತಿ ಹೋದ ಮೇಲೆ ಬಂದ ಮೊದಲ ನಗು. "ಬದುಕಿದ್ದಾಗ ಮನೆ, ಪಾರ್ಕು ಬಿಟ್ಟು ಕದಲಿದವಳಲ್ಲ ಅವಳು" ಎಂದರು. "ಮೂರು ಜನಾನೂ ಕದ್ದುಮುಚ್ಚಿ ಒತ್ತಿದ್ದಾರೆ ಅಂತ ಕಾಣುತ್ತೆ."

"ಒಂದು ಮನೆಗೆ ಒಂದೇ ಮಾತು ಅಂತ ನಿಯಮ. ಅದಕ್ಕೇ ನಿಮ್ಮನ್ನ ಕರೆಸಿದ್ದು. ನೀವು ಹೇಳಿದ್ದೇ ಕೊನೆ."

ತಾತ ಮಂಡಿಯ ಮೇಲೆ ಕೈಯಿಟ್ಟು ಕೂತರು. ಕೇಳಲೋ ಬೇಡವೋ ಎಂದು ಕೈಯನ್ನೇ ಒಂದು ಕ್ಷಣ ನೋಡಿದರು. "ನಿಮ್ಮ ಹತ್ರ ಏನಾದ್ರೂ ಹೇಳಿದ್ಳಾ ಅಮ್ಮಾ? ಎಲ್ಲಿ ಕಟ್ಟಬೇಕು ಅಂತ? ಮನೇಲಿ ಎಲ್ಲರಿಗೂ ಹೇಳಿದ್ದಾಳೆ. ನನಗೆ ಹೇಳಿಲ್ಲ."

"ಜಾಗದ ವಿಷಯ ಅಕ್ಕ ಯಾವತ್ತೂ ಎತ್ತಿಲ್ಲ, ತಾತ. ವರ್ಷ ವರ್ಷ ಫೋನ್ ಮಾಡೋರು. ಕೇಳ್ತಿದ್ದದ್ದು ಒಂದೇ ಪ್ರಶ್ನೆ."

"ಏನು ಪ್ರಶ್ನೆ?"

"'ನಮ್ಮ ಹಾಸಿಗೆ ನಾವೇ ತಗೊಂಡು ಬರಬಹುದಾ?' ಅಂತ."

ತಾತ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಮೊದಲ ಸಲ ನಾನು ತಮಾಷೆ ಅಂದ್ಕೊಂಡೆ. 'ಇಲ್ಲ ಕಣೇ, ನಮ್ಮನೆಯವರು ಬೇರೆ ಹಾಸಿಗೆ ಮೇಲೆ ಮಲಗಲ್ಲ. ಅವರನ್ನ ಬಿಟ್ಟು ನಾನು ಬಂದು ಏನು ಮಾಡಲಿ' ಅಂದ್ರು. ಮೇಲಿನೋರನ್ನ ಕೇಳ್ದೆ. 'ಈ ಕಟ್ಟಡದಲ್ಲಿ ಆಗಲ್ಲ, ಹೊಸದು ಕಟ್ಟಿದಾಗ ನೋಡೋಣ' ಅಂದ್ರು. ಸಾಗಹಾಕೋ ಮಾತು ಅದು, ನನಗೆ ಗೊತ್ತಿತ್ತು. ಅಕ್ಕ ನಂಬಿದ್ರು. 'ಸರಿ ಬಿಡು, ಹೊಸದು ಕಟ್ಟಲಿ' ಅನ್ನೋರು."

ಹೊರಗೆ ಚಕ್ರ ತಿರುಗುತ್ತಿತ್ತು. ಮೇಲೆ ಹೋದ ಮಕ್ಕಳ ಕೂಗು ಬಂದು ಬಂದು ಹೋಯಿತು. ಹೊಸದು ಕಟ್ಟಲಿ, ಹೋಗೋಣ ಎಂಬ ಮಾತನ್ನು ತಾತ ಎಷ್ಟೋ ಸಲ ಕೇಳಿದ್ದರು. ಹೋಗೋಣ ಎಂಬುದರೊಳಗೆ ತಾನೂ ಇದ್ದೆ ಎಂಬುದು ಈಗ ಗೊತ್ತಾಯಿತು.

"ಒಂದು ಕೋಣೆ ನೋಡಬಹುದಾ?" ಎಂದರು.

ಆ ಹೆಂಗಸು ಬೀಗದ ಕೈ ತಂದು ಕೆಳಗಿನ ಕೋಣೆಯೊಂದನ್ನು ತೆಗೆದಳು. ಬಿಳಿ ಹೊದಿಕೆ, ಎರಡು ದಿಂಬು, ಗೋಡೆಗೆ ನಗುವ ಕುದುರೆಯ ಚಿತ್ರ. ತಾತ ಮಂಚದ ಪಕ್ಕ ಬಾಗಿ ಅಂಗೈ ಊರಿದರು, ಮೂಲೆಗಳನ್ನು ಬೆರಳಿಂದ ಒತ್ತಿ ನೋಡಿದರು. ಸ್ಪಂಜು. ಆಮೇಲೆ ಚಪ್ಪಲಿ ಬಿಟ್ಟು ಮೆಲ್ಲನೆ ಒಂದು ಬದಿಗೆ ಮಲಗಿದರು, ಇನ್ನೊಂದು ಬದಿಯನ್ನು ಹಾಗೇ ಬಿಟ್ಟು. ಸ್ವಲ್ಪ ಹೊತ್ತು ಚಾವಣಿ ನೋಡಿದರು.

"ಹೇಗಿದೆ ತಾತ?" ಬಾಗಿಲಿಂದ ಅವಳು ಕೇಳಿದಳು.

"ಅಷ್ಟೇನೂ ಕೆಟ್ಟದಾಗಿಲ್ಲ" ಎಂದರು ತಾತ. ಮಗ್ಗುಲಾಗಿ ಎದ್ದು, ಹೊದಿಕೆಯ ಸುಕ್ಕನ್ನು ತಾವೇ ಎಳೆದು ಸರಿಮಾಡಿದರು.

ನಿರ್ಧಾರವನ್ನು ತಾತ ಅಲ್ಲಿ ಹೇಳಲಿಲ್ಲ. "ಮನೇಲಿ ಕೇಳಿ ಹೇಳ್ತೀನಮ್ಮ. ಇನ್ನು ಮೇಲೆ ಯಾರು ಒತ್ತಿದ್ರೂ ಲೆಕ್ಕಕ್ಕೆ ತಗೋಬೇಡಿ" ಎಂದು ಎದ್ದು ಬಂದರು.

ಭಾನುವಾರ ಮಧ್ಯಾಹ್ನದ ಊಟಕ್ಕೆ ನಾಲ್ಕು ತಟ್ಟೆಯನ್ನೂ ತಾತನೇ ಮೇಜಿನ ಮೇಲೆ ಇಟ್ಟರು. ಸೊಸೆ ಬೇಯಿಸಿದ ಆಲೂಗಡ್ಡೆಯ ಪಾತ್ರೆ ತಂದಿಟ್ಟು ಅಡುಗೆಮನೆಗೆ ತಿರುಗಿದಾಗ, "ನೀನೂ ಕೂತ್ಕೋ ತಾಯಿ" ಎಂದರು.

"ನಾನು ಆಮೇಲೆ..."

"ಈಗಲೇ ಕೂತ್ಕೋ. ನಿಮ್ಮತ್ತೆ ವಿಷಯ ಇದೆ."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ತಾತ ಕಚೇರಿಯ ಕಥೆಯನ್ನು ಹೇಳಿದರು. ಅಜ್ಜಿ ಬೆಟ್ಟ ಹತ್ತಿ ಕಡಲಿಗಿಳಿದು ನದಿ ದಾಟಿದ್ದನ್ನು ಹೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೂ ಒತ್ತಿದ್ಯಾ?" ಮಗ ಹೆಂಡತಿಯನ್ನು ಕೇಳಿದ.

"ನೀವು ಎರಡೆರಡು ಸಲ ಒತ್ತಿದ್ದೀರಲ್ಲ!"

"ನಾನೂ ಎರಡು ಸಲ" ಎಂದಳು ಪುಟ್ಟಿ, ಆಲೂಗಡ್ಡೆಯ ಪಾತ್ರೆಯ ಹಿಂದೆ ಮುಖ ಮರೆಸಿಕೊಂಡು. "ಕಾಲೇಜು ಬಾತ್‌ರೂಮಿಂದ."

ನಗು ತಡೆಯಲಾಗದೆ ಮೊದಲು ಸೊಸೆಯೇ ನಕ್ಕಳು, ಆಮೇಲೆ ಎಲ್ಲರೂ. ನಗು ಇಳಿದ ಮೇಲೆ ತಾತ ಹಾಸಿಗೆಯ ಪ್ರಶ್ನೆಯನ್ನು ಹೇಳಿದರು. ಆಗ ಯಾರೂ ನಗಲಿಲ್ಲ. ಮಗ ತಲೆ ತಗ್ಗಿಸಿ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತ. ಪುಟ್ಟಿ ಎದ್ದು ಬಂದು ತಾತನ ಕುರ್ಚಿಯ ಹಿಂದೆ ನಿಂತು ಅವರ ನೆತ್ತಿಯ ಮೇಲೆ ಗದ್ದ ಊರಿದಳು.

"ಹಂಗಾದ್ರೆ ಅಮ್ಮ ನನ್ನ ಹತ್ರ ಬೆಟ್ಟ ಅಂದಿದ್ದು?" ಎಂದ ಮಗ.

"ನೀನು ಬೆಟ್ಟ ಅಂದೆ, ಅವಳು ಹೂಂ ಅಂದಳು. ನಮ್ಮೆಲ್ಲರಿಗೂ ಅವಳು ಹೂಂ ಅಂದವಳೇ." ತಾತ ಮೊಮ್ಮಗಳ ಕೈ ತಟ್ಟಿದರು. "ಈಗ ಅವಳ ಹೆಸರು ಎತ್ತಬೇಡಿ. ನಿಮಗೆ ಏನು ಬೇಕು, ಅದು ಹೇಳಿ. ನೀನು ಹೇಳೋ."

"ನಾನಾ? ದಿನವೆಲ್ಲ ಆ ಲಿಫ್ಟಿನ ಗುಂಡಿಯಲ್ಲಿ ಇರ್ತೀನಪ್ಪ. ಎತ್ತರದಲ್ಲಿ ನಿಂತು ದೂರಕ್ಕೆ ನೋಡಬೇಕು ಅನ್ಸುತ್ತೆ, ಅಷ್ಟೇ. ಇಲ್ಲದಿದ್ರೆ ಏನೂ ಮುಳುಗಿಹೋಗಲ್ಲ."

"ನೀನು ಮಗಾ?"

"ನದಿ ನನಗೇ ಬೇಕಾಗಿದ್ದು ತಾತ. ಆದ್ರೆ ಅಜ್ಜಿ ಇಲ್ಲದ ದೋಣಿ ಬೇಡ."

ತಾತ ಸೊಸೆಯತ್ತ ತಿರುಗಿದರು. "ನಿನಗೆ ತಾಯಿ?"

"ನನಗೇನು ಮಾವ. ನಿಮ್ಮೆಲ್ಲರಿಗೂ ಹೇಗೆ ಅನುಕೂಲವೋ ಹಾಗೆ."

ಮಗ ಸರಿ ಎಂಬಂತೆ ಬ್ರೆಡ್ಡಿಗೆ ಕೈ ಚಾಚಿದ. ತಾತ ಅವನ ಕೈ ಮೇಲೆ ಕೈಯಿಟ್ಟು ತಡೆದರು. ಸೊಸೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ನಮ್ಮ ಅನುಕೂಲ ಆಯ್ತು. ನಾನು ಕೇಳಿದ್ದು ನಿನಗೆ ಏನು ಬೇಕು ಅಂತ. ಇನ್ನೊಂದು ಸಲ ಕೇಳ್ತಾ ಇದ್ದೀನಿ. ನಿಧಾನವಾಗಿ ಹೇಳು, ನಮಗೇನೂ ಹೊತ್ತು ಹೋಗಲ್ಲ."

ಸೊಸೆ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿಂದ ಒಟ್ಟುಗೂಡಿಸಿದಳು. ಆಲೂಗಡ್ಡೆಯ ಹಬೆ ಇಳಿಯುತ್ತಿತ್ತು. ಯಾರೂ ಮುಟ್ಟಲಿಲ್ಲ.

"ಕಡಲು" ಎಂದಳು ಕೊನೆಗೆ, ಚೂರುಗಳನ್ನು ನೋಡುತ್ತಲೇ. "ಬೆಳಗಿಂದ ಸಂಜೆವರೆಗೂ ಒಲೆ ಮುಂದೆ ಬೇಯ್ತೀನಿ ಮಾವ. ಮನೆಗೆ ಬಂದರೂ ಮುಖದ ಬಿಸಿ ಇಳಿಯಲ್ಲ. ಕಡಲ ಕಡೆಗೆ ಕಿಟಕಿ ತೆಗೆದಿಟ್ಟು ಮಲಗಬೇಕು. ಗಾಳಿ ಬಂದು ಮುಖಕ್ಕೆ ಬಡೀಬೇಕು. ಬೆಳಿಗ್ಗೆ ಎದ್ದು ಯಾರಿಗೂ ಏನೂ ಬೇಯಿಸಬಾರದು. ಟೀ ಕೂಡ ಯಾರಾದ್ರೂ ತಂದ್ಕೊಡಬೇಕು." ಇಷ್ಟು ಹೇಳಿ ಅವಳಿಗೇ ನಾಚಿಕೆಯಾಗಿ ಮುಖ ಕೆಂಪಾಯಿತು. "ಅತ್ತೆಗೆ ಇದನ್ನ ಹೇಳಿದ್ದೆ. ಅದಕ್ಕೇ ಅವರು ಹೂಂ ಅಂದ್ರೋ ಏನೋ."

ಮಗ ಫೋನನ್ನು ಹೆಂಡತಿಯ ತಟ್ಟೆಯ ಪಕ್ಕಕ್ಕೆ ಸರಿಸಿದ. "ಕಚೇರಿಗೆ ಕಡಲು ಅಂತ ನೀನೇ ಹೇಳು. ಅಪ್ಪಾನೂ ಹೌದು ಅಂತಾರೆ" ಎಂದ. ಮತ್ತೆ ತಡೆದು, "ಆವತ್ತು ಚಾದರ ಮಡಿಸುವಾಗ ನಾನು ಆಡಿದ್ದು... ಬಾಯಿಗೆ ಬೀಗ ಇರಲಿಲ್ಲ ಕಣೇ. ಹೊರಗಿನವಳು ಅಂತ ಅನ್ನಬಾರದಿತ್ತು."

"ಅನ್ನಬಾರದಿತ್ತು" ಎಂದಳು ಸೊಸೆ. ದನಿಯಲ್ಲಿ ಮುನಿಸು ಪೂರಾ ಹೋಗಿರಲಿಲ್ಲ. ಆದರೆ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತಳು. "ಟೀ ತಂದ್ಕೊಡೋದು ನೀವೇ."

"ಅಪ್ಪನ ಟೀ ಕುಡಿದ್ರೆ ಕಡಲೇ ಹಿಂದಕ್ಕೆ ಹೋಗುತ್ತೆ" ಎಂದಳು ಪುಟ್ಟಿ. "ಅಲ್ಲಾ, ಬೇರೆ ಮನೆಯವರೆಲ್ಲ ಸೇರಿ ಬೆಟ್ಟ ಅಂತ ಒತ್ತಿದ್ರೆ? ಕಡಲಿಂದು ಕಟ್ಟೋದು ಯಾವ ಕಾಲಕ್ಕೋ!"

"ಕಟ್ಟಿದಾಗ ಕಟ್ಟಲಿ" ಎಂದರು ತಾತ. "ಅಲ್ಲಿವರೆಗೆ ಬೇಕರಿಗೆ ಒಂದು ದಿನ ರಜೆ ಹೇಳು ತಾಯಿ. ಬಸ್ಸಲ್ಲಿ ಹೋಗಿ ಬರೀ ಮರಳು ನೋಡ್ಕೊಂಡು ಬರೋಣ. ನಾನೂ ಬರ್ತೀನಿ."

"ನೀವಾ? ರಾತ್ರಿ ಅಲ್ಲೇ ಉಳೀಬೇಕಾದ್ರೆ?"

"ಉಳಿಯೋಣ. ನಿದ್ದೆ ಬಂದ್ರೆ ಬಂತು. ಬಾರದಿದ್ರೆ ಅಲೆ ಎಣಿಸ್ತಾ ಕೂತಿರ್ತೀನಿ, ಯಾರಿಗೇನು ನಷ್ಟ?"

ಸೊಸೆ ಆಲೂಗಡ್ಡೆ ಬಡಿಸಿದಳು, ತನ್ನ ತಟ್ಟೆಗೂ ಬಡಿಸಿಕೊಂಡಳು. ಎಲ್ಲರೂ ಕೈ ತಡೆದು ತಾತನನ್ನು ನೋಡಿದರು. ಊಟಕ್ಕೆ ಮೊದಲು ಅವರ ಪ್ರಾರ್ಥನೆ ಮುಗಿಯಬೇಕು. ತಾತ ಕಣ್ಣು ಮುಚ್ಚಿದರು. ಈ ಸಲ ಮನಸ್ಸು ಎಲ್ಲಿಗೂ ಹೊರಡಲಿಲ್ಲ.

"ದೇವರೇ, ಅವಳು ನಿನ್ನ ಬಳಿಗೆ ಬಂದಿದ್ದಾಳೆ. ದಣಿದು ಬಂದಿದ್ದಾಳೆ, ಅವಳಿಗೆ ಶಾಂತಿ ಕೊಡು. ನಿನ್ನ ಮನೆಯಲ್ಲಿ ಬೆಟ್ಟವೋ ಕಡಲೋ ನದಿಯೋ ಎಲ್ಲವೂ ಇದ್ದಾವು. ಎಲ್ಲಿರಬೇಕು ಎಂದು ಅವಳನ್ನೇ ಕೇಳು ತಂದೆ. ಮೊದಲ ಸಲ ಕೇಳಿದರೆ, ನಿನಗೆ ಹೇಗೆ ಅನುಕೂಲವೋ ಹಾಗೆ ಎನ್ನುತ್ತಾಳೆ. ಅದನ್ನು ನಂಬಬೇಡ. ಪಕ್ಕದಲ್ಲಿ ಕೂತು ಇನ್ನೊಂದು ಸಲ ಕೇಳು."